ಕಂಪ್ಯೂಟರಿನ ಬೆನ್ನಿಗೆ ವಿಭೂತಿ

"ಕಂಪ್ಯೂಟರ್ ರಿಪೇರಿಗೆ ಅಂಗಡಿಗೆ ಹೋಗೂದಾ? ನಾನಾ? ಗುಲ್ಬರ್ಗಾದಾಗ ಎಲೆಕ್ಟ್ರಿಕಲ್ ಬಿ.ಇ. ಫಸ್ಟ್ ಕ್ಲಾಸ್ ಪಾಸಾದಾವ ನಾನು! ಸಂಜಿ ಆಗೂದ್ರಾಗ ಇದರ ರೋಗ ಕಂಡುಹಿಡೀದಿದ್ರ ಕೇಳು!"

ಹೀಗೆಂದು ಅಮರೇಶ್ವರ ಎದೆ ಸೆಟೆಸಿ ನಿಂತದ್ದು ಎರಡು ಸಾವಿರದ ಒಂದನೇ ಇಸವಿಯ ಅಕ್ಟೋಬರ್ ತಿಂಗಳ ಕೊನೆಯ ಶನಿವಾರ, ಅಮೆರಿಕದ ವುಡ್‌ಬ್ರಿಡ್ಜಿನ ಒಂದೇ ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ. ಕೈಯಲ್ಲಿ ಸ್ಕ್ರೂ ಡ್ರೈವರ್ ಇತ್ತು. ಅದನ್ನು ತಲೆಕೆಳಗಾಗಿ ಹಿಡಿದಿದ್ದ. ಎಲೆಕ್ಟ್ರಿಕಲ್ ಪಾಸಾದ ಈ ಮಹಾಶಯ ಅಂದಿನಿಂದ ಇಂದಿನವರೆಗೆ ಕೋಬಾಲ್ ಪ್ರೋಗ್ರಾಮು ಬರೆದದ್ದೇ ಹೊರತು ಒಂದು ಬಲ್ಬು ಬದಲಿಸಿದವನಲ್ಲ. ಬಲ್ಬು ಬದಲಿಸುವುದು ಹೆಂಡತಿ ಸೌಜನ್ಯಾಳ ಖಾತೆ.

ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಲೋಕದ ಕಂಪ್ಯೂಟರುಗಳೆಲ್ಲ ಮುಗ್ಗರಿಸಿ ಬೀಳುತ್ತವೆ ಎಂದು ಹೆದರಿ ಅಮೆರಿಕದವರು ಕೈಹಿಡಿದು ಕರೆತಂದ ಪುಣ್ಯಾತ್ಮರಲ್ಲಿ ಅಮರೇಶ್ವರನೂ ಒಬ್ಬ. ಕಂಪ್ಯೂಟರುಗಳು ಮುಗ್ಗರಿಸಲಿಲ್ಲ. ಮುಗ್ಗರಿಸಿದ್ದು ಪುಣ್ಯಾತ್ಮರು! ಅಕ್ಟೋಬರ್ ಮೊದಲ ವಾರ ಅವನ ಪ್ರಾಜೆಕ್ಟು ಮುಗಿಯಿತು, ಕನ್ಸಲ್ಟಿಂಗ್ ಕಂಪನಿಯವರು ಅವನನ್ನು 'ಬೆಂಚಿಗೆ' ಹಾಕಿದರು, ಅಂದರೆ ಮುಂದಿನ ಪ್ರಾಜೆಕ್ಟು ಸಿಗುವತನಕ ಕೆಲಸವಿಲ್ಲ. ಅವನ ಊರು ಲಿಂಗಸೂಗೂರಿನ ಶಾಲೆಯಲ್ಲಿ ತಪ್ಪು ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇಲ್ಲಿ ತಪ್ಪೇ ಮಾಡದವರನ್ನು ಬೆಂಚಿನ ಮೇಲೆ ಕೂರಿಸುತ್ತಾರೆ. ತಿಂಗಳು ಮುಗಿಯುವುದರೊಳಗೆ ಹೊಸ ಪ್ರಾಜೆಕ್ಟು ಹಿಡಿಯದಿದ್ದರೆ ಆ ಬೆಂಚೂ ಇಲ್ಲ, ವೀಸಾನೂ ಇಲ್ಲ, ಗಂಟುಮೂಟೆ ಕಟ್ಟಬೇಕು.

ಕಾಲವೂ ಹಾಗೇ ಇತ್ತು. ನದಿಯಾಚೆ ವಿಮಾನ ಬಡಿದು ಜೋಡಿ ಗೋಪುರಗಳು ಬಿದ್ದು ಎರಡು ತಿಂಗಳೂ ಆಗಿರಲಿಲ್ಲ. ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಬೆಳಿಗ್ಗೆ ಏಳಕ್ಕೆಲ್ಲ ತುಂಬುತ್ತಿದ್ದ ಜಾಗ ಹತ್ತಕ್ಕೂ ಖಾಲಿ ಬಿದ್ದಿರುತ್ತಿತ್ತು. ಇದು ಸಾಲದೆಂಬಂತೆ ಅಂಚೆಯ ಲಕೋಟೆಗಳಲ್ಲಿ ವಿಷದ ಬಿಳಿ ಪುಡಿ ಬರುತ್ತಿದೆ ಎಂದು ಟೀವಿಯವರು ಹಗಲಿಡೀ ಹೇಳುತ್ತಿದ್ದರು. ಸೌಜನ್ಯಾ ಕರೆಂಟ್ ಬಿಲ್ಲನ್ನು ಸಹ ಪಾತ್ರೆ ತೊಳೆಯುವ ಗ್ಲೌಸ್ ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತು ಬಿಚ್ಚುತ್ತಿದ್ದಳು.

ಅಮರೇಶ್ವರನಿಗೆ ಉಳಿದಿದ್ದದ್ದು ಒಂದೇ ಒಂದು ಆಸೆ. ನ್ಯೂಆರ್ಕಿನ ಒಂದು ವಿಮಾ ಕಂಪನಿಯವರು ಇಂಟರ್ನೆಟ್ಟಿನಲ್ಲಿ ಪರೀಕ್ಷೆ ಬರೆಯಲು ಹೇಳಿದ್ದರು. ಅರವತ್ತು ಪ್ರಶ್ನೆ, ನಲವತ್ತೈದು ನಿಮಿಷ. ಒಮ್ಮೆ ಶುರು ಮಾಡಿದರೆ ಮುಗಿಸಲೇಬೇಕು, ನಡುವೆ ಸಂಪರ್ಕ ಕಡಿದರೆ ಕಥೆ ಮುಗಿಯಿತು, ಎರಡನೇ ಅವಕಾಶವಿಲ್ಲ. ಮಂಗಳವಾರ ಸಂಜೆ ಐದು ಗಂಟೆ ಗಡುವು.

ಮನೆಯ ಕಂಪ್ಯೂಟರಿನ ಆಯುಷ್ಯವೋ, ಶುಕ್ರವಾರದಿಂದ ಸರಿಯಾಗಿ ಹದಿನೆಂಟು ನಿಮಿಷ! ಹಚ್ಚಿದರೆ ಚೆನ್ನಾಗಿಯೇ ಏಳುತ್ತಿತ್ತು. ಹದಿನೆಂಟನೇ ನಿಮಿಷಕ್ಕೆ 'ಟಪ್' ಎಂದು ಕಣ್ಣು ಮುಚ್ಚುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಹದಿನೆಂಟು ನಿಮಿಷ ಬದುಕುತ್ತಿತ್ತು.

"ಲೈಬ್ರರಿಗೆ ಹೋಗಿ ಬರೀರಲ್ಲ?" ಎಂದಳು ಸೌಜನ್ಯಾ.

"ಅಲ್ಲಿ ಹಿಂದ ಮಂದಿ ಕಾಯಾಕತ್ತಿದ್ರ ಮೂವತ್ತು ನಿಮಿಷಕ್ಕ ಎಬ್ಬಿಸ್ತಾರ. ಈಗ ಅಲ್ಲಿ ಯಾವಾಗ ನೋಡಿದ್ರೂ ಪಾಳಿ. ಅರ್ಧ ಆಂಧ್ರ, ಅರ್ಧ ಗುಜರಾತ ಅಲ್ಲೇ ನಿಂತು ರೆಸ್ಯೂಮೆ ಪ್ರಿಂಟ್ ತಗಿಯಾಕತ್ತೈತಿ!"

"ಹಂಗಾರ ಯಾರರ ಗೆಳೆಯರ ಮನಿಗೆ ಹೋಗ್ರಿ."

"ಹೋಗಿ? ಕೆಲಸ ಹೋಗೇತಿ ಅಂತ ನಾನಾಗೇ ಡಂಗುರಾ ಹೊಡೀಲೇನು?"

ಕೆಲಸ ಹೋದದ್ದನ್ನು ಅಮರೇಶ್ವರ ಕನ್ನಡ ಕೂಟದಲ್ಲಿ ಯಾರಿಗೂ ಹೇಳಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆಗಸ್ಟಿನಲ್ಲಿ ಊರಿಂದ ಬಂದು ಹಾಲ್‌ನಲ್ಲೇ ಮಂಚ ಹಾಕಿಸಿಕೊಂಡಿದ್ದ ತಾಯಿ ಬಸಲಿಂಗಮ್ಮನಿಗೆ ಹೇಳಿರಲಿಲ್ಲ. "ಈಗ ಆಫೀಸಿನವರು ಮನಿಯಿಂದನ ಕೆಲಸ ಮಾಡ್ರಿ ಅಂದಾರವ್ವಾ" ಎಂದು ಹೇಳಿ, ದಿನಾ ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಪ್ಯೂಟರಿನ ಮುಂದೆ ಕೂತು, ಐದಕ್ಕೆ ಏಳುತ್ತಿದ್ದ. ಅಂಗಿಯ ಕೆಳಗೆ ಲುಂಗಿ ಇರುತ್ತಿತ್ತು. ಬಸಲಿಂಗಮ್ಮ ನೋಡಿಯೂ ಏನೂ ಕೇಳುತ್ತಿರಲಿಲ್ಲ.

ಈ ಕಂಪ್ಯೂಟರಿಗೆ ಗ್ರಹಚಾರ ಎಲ್ಲಿಂದ ವಕ್ಕರಿಸಿತೆಂದು ನಿಮಗೆ ಈಗಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಅದನ್ನು ಕಂಡುಹಿಡಿಯಲು ಅಮರೇಶ್ವರನಿಗೆ ನಾಲ್ಕು ದಿನ ಬೇಕಾಯಿತು, ಅಷ್ಟು ಹೊತ್ತು ನಿಮ್ಮನ್ನು ಕಾಯಿಸುವುದು ತಪ್ಪು.

ಗುರುವಾರ ಆಯುಧಪೂಜೆ. ಬಸಲಿಂಗಮ್ಮ ಮಿಕ್ಸರಿಗೆ, ಕುಕ್ಕರಿಗೆ, ಕೆಳಗೆ ನಿಂತ ಹಳೆಯ ಕಾರಿಗೆ ವಿಭೂತಿ ಹಚ್ಚಿ, ಕಂಪ್ಯೂಟರಿನ ಪೆಟ್ಟಿಗೆಯ ಹಣೆಗೂ ಮೂರು ಬೆರಳು ಎಳೆದು, ಒಂದು ಸೇವಂತಿಗೆ ಇಟ್ಟು, "ಆತು" ಎಂದರು. ಮಗನಿಗೆ ಅಷ್ಟು ಸಾಲಲಿಲ್ಲ.

"ಅವ್ವಾ, ಇದರ ಜೀವ ಮುಂದ ಇಲ್ಲ, ಹಿಂದೈತಿ. ಪವರ್ ಸಪ್ಲೈ ಅಂತಾರ. ಕರೆಂಟು ಮೊದಲು ಬರೂದು ಅಲ್ಲಿಗೆ. ಪೂಜಿ ಅಲ್ಲಿ ಆಗಬೇಕು!" ಎಂದವನೇ ಪೆಟ್ಟಿಗೆಯನ್ನು ತಿರುಗಿಸಿ, ತಾಯಿ ಶ್ರೀಶೈಲದಿಂದ ತಂದಿದ್ದ ವಿಭೂತಿ ಗಟ್ಟಿಯಲ್ಲಿ ಅರ್ಧ ಮುರಿದು, ಅಂಗೈಯಲ್ಲಿ ಹಿಟ್ಟು ಮಾಡಿ, ಬೆನ್ನಿನ ಫ್ಯಾನಿನ ಜಾಲರಿಯೊಳಗೆ ಸುರಿದ. ಅದರ ಮೇಲೆ ಒಂದು ಹಿಡಿ ಅಕ್ಷತೆ. ಕಣ್ಣು ಮುಚ್ಚಿ, ತನ್ನ ಹೆಸರಿನ ದೇವರನ್ನೇ ನೆನೆದು, ತುಟಿ ಮಾತ್ರ ಅಲ್ಲಾಡಿಸಿ ಏನನ್ನೋ ಬೇಡಿಕೊಂಡ. ಬೇಡಿಕೊಳ್ಳುವುದು ಬಹಳ ಹೊತ್ತು ನಡೆಯಿತು. ಬಸಲಿಂಗಮ್ಮ ಮಗನ ಮುಖವನ್ನೇ ನೋಡುತ್ತ ನಿಂತಿದ್ದರು.

"ಸಾಕೋ ಅಮರೂ, ಅದರ ಉಸಿರು ಕಟ್ಟೀತು" ಎಂದರು ಕೊನೆಗೆ.

ಇರಲಿ. ಶನಿವಾರ ಅಮರೇಶ್ವರ ರೋಗಪತ್ತೆಗೆ ತೊಡಗಿದ. ಕೋಬಾಲ್ ಬರೆದವನಿಗೆ ಲೋಕದ ಸಕಲ ರೋಗಗಳೂ ಸಾಫ್ಟ್‌ವೇರಿನವೇ. "ಇದು ವಿಂಡೋಸಿನ ತಕರಾರು. ವಿಂಡೋಸ್ ತಗದು ಮತ್ತ ಹಾಕಬೇಕು!" ಎಂದು ಘೋಷಿಸಿದ.

"ಕಿಟಕಿ ತಗೀಬ್ಯಾಡಪಾ, ಥಂಡಿ ಹೊಡೀತೈತಿ" ಎಂದರು ಬಸಲಿಂಗಮ್ಮ ಮಂಚದ ಮೇಲಿಂದ.

ವಿಂಡೋಸ್ ಹಾಕಲು ನಲವತ್ತು ನಿಮಿಷ ಬೇಕು. ಕಂಪ್ಯೂಟರಿನ ಆಯುಷ್ಯ ಹದಿನೆಂಟು. ಲೆಕ್ಕ ನಿಮಗೆ ಹೊಳೆಯಿತು, ಫಸ್ಟ್ ಕ್ಲಾಸಿನವನಿಗೆ ಹೊಳೆಯಲಿಲ್ಲ. ಹಳೆಯ ವಿಂಡೋಸ್ ಅಳಿಸಿದ. ಹೊಸದು ಅರ್ಧಕ್ಕೆ ಬಂದಾಗ ಟಪ್! ಮತ್ತೆ ಶುರು ಮಾಡಿದ, ಮತ್ತೆ ಟಪ್! ಐದು ಸಲ ಆಯಿತು. ಬೆಳಿಗ್ಗೆ ಹದಿನೆಂಟು ನಿಮಿಷವಾದರೂ ಬದುಕುತ್ತಿದ್ದ ಯಂತ್ರದಲ್ಲಿ ಸಂಜೆಯ ಹೊತ್ತಿಗೆ ವಿಂಡೋಸೂ ಇರಲಿಲ್ಲ. ಅಮರೇಶ್ವರ ಊಟ ಬಿಟ್ಟು ಗೋಡೆ ನೋಡುತ್ತ ಕೂತ.

ಭಾನುವಾರ ಮೇಲಿನ ಮನೆಯ ಕೃಷ್ಣಸ್ವಾಮಿ ಇಳಿದುಬಂದರು. ಮೈಸೂರಿನವರು, ಅಮರೇಶ್ವರನ ಜೊತೆಗೇ ಬೆಂಚಿಗೆ ಬಿದ್ದವರು. ಆಫೀಸಿನ ಲ್ಯಾಪ್‌ಟಾಪು ಆಫೀಸಿಗೇ ಒಪ್ಪಿಸಿ ಬರಿಗೈಯಲ್ಲಿದ್ದರು. ಕೆಲಸ ಹೋದದ್ದು ಗೊತ್ತಿದ್ದ ಹೊರಗಿನವರೆಂದರೆ ಅವರೊಬ್ಬರೇ.

"ಮೆಮೊರಿ ಸಾರ್ ಇದು, ಮೆಮೊರಿ! ರ್‍ಯಾಮ್ ತೆಗೆದು ರಬ್ಬರ್ ಹಾಕಿ ಉಜ್ಜಿ ಕೂರಿಸಿದ್ರೆ ಸರಿಹೋಗುತ್ತೆ. ನಾನು ಬೆಂಗಳೂರಲ್ಲಿ ಹತ್ತಾರು ಮಷೀನಿಗೆ ಮಾಡಿದ್ದೀನಿ."

ಇಬ್ಬರೂ ಸೇರಿ ಪೆಟ್ಟಿಗೆಯ ಪಕ್ಕೆ ಬಿಚ್ಚಿದರು. ರ್‍ಯಾಮಿನ ಪಟ್ಟಿ ಕಿತ್ತು, ಉಜ್ಜಿ, ಕೂರಿಸಿದರು. ಕಂಪ್ಯೂಟರು ಮೂರು ಸಲ 'ಪೀಂ' ಎಂದು ಅತ್ತು ಸುಮ್ಮನಾಯಿತು. ಇನ್ನೊಮ್ಮೆ ಕಿತ್ತು ಒತ್ತಿ ಕೂರಿಸಿದಾಗ ಎದ್ದಿತು. ಇಬ್ಬರೂ ಕೈಕುಲುಕಿ, ಸೌಜನ್ಯಾ ಕೊಟ್ಟ ಚಹಾ ಕುಡಿಯುತ್ತ, ಗಡಿಯಾರ ನೋಡುತ್ತ ಕೂತರು. ಹದಿನೈದು, ಹದಿನಾರು, ಹದಿನೇಳು. ಟಪ್!

"ಮೊದಲು ಹದಿನೆಂಟಿತ್ತು" ಎಂದಳು ಸೌಜನ್ಯಾ, ಕಪ್ಪು ಎತ್ತಿಕೊಳ್ಳುತ್ತ.

ಆಗ ಬಸಲಿಂಗಮ್ಮ ಬಾಯಿ ಬಿಟ್ಟರು. "ನಾ ಒಂದು ಮಾತು ಹೇಳ್ಲೇನು? ಅದರ ಹಿಂದ ಗಾಳಿ ಬರವಲ್ದು."

ಇದಕ್ಕೊಂದು ಹಿನ್ನೆಲೆಯಿದೆ. ಬಸಲಿಂಗಮ್ಮ ದಿನಾ ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ ಲಿಂಗದ ವಸ್ತ್ರ ಒಗೆಯುತ್ತಿದ್ದರು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಕೂಡದು ಎಂದು ಅಪಾರ್ಟ್‌ಮೆಂಟಿನವರ ಕಟ್ಟಪ್ಪಣೆ. ಊರವರ ಬಟ್ಟೆಯೆಲ್ಲ ತಿರುಗುವ ಕೆಳಗಿನ ಡ್ರೈಯರಿಗೆ ದೇವರ ವಸ್ತ್ರ ಹಾಕಲು ಅವರಿಗೆ ಮನಸ್ಸಿಲ್ಲ. ಹೀಗಾಗಿ ಕಂಪ್ಯೂಟರಿನ ಬೆನ್ನಿನಿಂದ ಬರುವ ಬೆಚ್ಚಗಿನ ಗಾಳಿಗೆ ಕುರ್ಚಿಯ ಮೇಲೆ ಹರವಿಡುತ್ತಿದ್ದರು.

"ಮೊದಲ ಮಗ್ಗಲ ಮನಿಗೆ ಹೋಗಿ ಬರೂದ್ರಾಗ ಒಣಗಿರತಿತ್ತು. ಶುಕ್ರವಾರದಿಂದ ಮೂರು ದಿನ ಆತು, ಹಸೀನ ಐತಿ" ಎಂದು ವಸ್ತ್ರವನ್ನು ಹಿಂಡಿ ತೋರಿಸಿದರು.

"ಯವ್ವಾ, ಇದು ಕಂಪ್ಯೂಟರ್. ನಿನ್ನ ಬಟ್ಟಿ ಒಣಗಸೂ ಯಂತ್ರ ಅಲ್ಲ! ಇದರಾಗ ನೀ ತಲಿ ಹಾಕಬ್ಯಾಡ!"

ತಾಯಿಗೆ ಎತ್ತರದ ದನಿಯಲ್ಲಿ ಮಾತಾಡಿದವನಲ್ಲ ಅಮರೇಶ್ವರ. ಅಂದು ಮಾತಾಡಿಬಿಟ್ಟ. ಬಸಲಿಂಗಮ್ಮ ವಸ್ತ್ರವನ್ನು ಮಡಚಿ, ಎದ್ದು ಒಳಗೆ ಹೋದರು. ಸೌಜನ್ಯಾ ಗಂಡನನ್ನು ನೋಡಿದ ನೋಟಕ್ಕೆ ಕೃಷ್ಣಸ್ವಾಮಿಗಳೇ ಬೆವರಿದರು.

ಸೋಮವಾರ ಇಡೀ ದಿನ ಇಬ್ಬರು ತಜ್ಞರೂ ತಲೆಗೆ ತಲೆ ಕೊಟ್ಟು ಯೋಚಿಸಿದರು. ವೈರು ಅಲ್ಲಾಡಿಸಿದರು, ಪ್ಲಗ್ಗು ಬದಲಿಸಿದರು. ಸಂಜೆಗೆ ಕೃಷ್ಣಸ್ವಾಮಿ ತೀರ್ಪು ಕೊಟ್ಟರು. "ಎಸ್‌ಎಂಪಿಎಸ್ ಹೋಗಿದೆ ಸ್ವಾಮಿ. ಅಂದ್ರೆ ಪವರ್ ಸಪ್ಲೈ. ನಮಗೂ ಅದಕ್ಕೂ ಒಂದೇ ಕಾಯಿಲೆ. ಪವರೂ ಇಲ್ಲ, ಸಪ್ಲೈಯೂ ಇಲ್ಲ."

ಮಂಗಳವಾರ ಬೆಳಿಗ್ಗೆ ಅಮರೇಶ್ವರ ಕಳಚಿದ ಪವರ್ ಸಪ್ಲೈಯನ್ನು ಕಂಕುಳಲ್ಲಿ ಇಟ್ಟುಕೊಂಡು, ಹೋಗುವುದೇ ಇಲ್ಲವೆಂದು ಪ್ರತಿಜ್ಞೆ ಮಾಡಿದ್ದ ಅಂಗಡಿಗೆ ಹೋದ. ರೂಟ್ ಒಂದರ ಮೇಲಿನ ಸಣ್ಣ ಕಂಪ್ಯೂಟರ್ ಅಂಗಡಿ. ಹತ್ತೂವರೆ ಗಂಟೆ. ಹೊಸದು ಹಾಕಿಸಿದರೂ ಹನ್ನೆರಡರೊಳಗೆ ಮನೆ, ಮೂರಕ್ಕೆಲ್ಲ ವಿಂಡೋಸ್, ನಾಲ್ಕಕ್ಕೆ ಪರೀಕ್ಷೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದ.

ಕೌಂಟರಿನ ದಪ್ಪ ಮೀಸೆಯ ಬಿಳಿಯನೊಬ್ಬ ಅದನ್ನು ತಿರುಗಿಸಿ ಫ್ಯಾನಿಗೆ ಬೆರಳು ತಾಗಿಸಿದ. "ಫ್ಯಾನು ತಿರುಗುತ್ತಿಲ್ಲ. ಧೂಳು ಕಟ್ಟಿದೆ, ಅಷ್ಟೇ. ಬಿಸಿಯಾಗಿ ತಾನೇ ಆಫ್ ಆಗುತ್ತಿದೆ. ಗಾಳಿ ಹೊಡೆದರೆ ಮುಗಿಯಿತು" ಎಂದ. ಅಮರೇಶ್ವರನಿಗೆ ತಾಯಿಯ ಹಸಿ ವಸ್ತ್ರ ನೆನಪಾಯಿತು. ನಾಲಿಗೆ ಕಚ್ಚಿಕೊಂಡ. ಆಮೇಲೆ ವಿಭೂತಿಯೂ ನೆನಪಾಯಿತು. "ವೇಟ್!" ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮೀಸೆಯವನು ಗಾಳಿಯ ಡಬ್ಬಿಯ ಗುಂಡಿ ಒತ್ತಿಬಿಟ್ಟಿದ್ದ.

ಬುಸ್ ಎಂದಿತು. ಶ್ರೀಶೈಲದ ಅರ್ಧ ಗಟ್ಟಿ ವಿಭೂತಿ ಒಂದೇ ಉಸಿರಿಗೆ ಹೊರಬಂದು ಅಂಗಡಿಯ ನಡುವೆ ಮೋಡವಾಗಿ ನಿಂತಿತು. ಕೌಂಟರಿನ ಮೇಲೆ ಅಕ್ಷತೆ ಪಟಪಟ ಉದುರಿತು. ಮೀಸೆಯವನ ಮೀಸೆ, ಹುಬ್ಬು, ಅಂಗಿ ಎಲ್ಲ ಬಿಳಿ.

ಪ್ರಿಂಟರ್ ನೋಡುತ್ತಿದ್ದ ಹೆಂಗಸೊಬ್ಬಳು "ಪೌಡರ್!" ಎಂದು ಕಿರುಚಿದ ಕಿರುಚಾಟಕ್ಕೆ ಅಂಗಡಿ ಖಾಲಿಯಾಯಿತು.

ಹತ್ತು ನಿಮಿಷದಲ್ಲಿ ಪೊಲೀಸರು, ಅಗ್ನಿಶಾಮಕದವರು, ಮೂಗಿಗೆ ಕೊಳವೆ ಕಟ್ಟಿಕೊಂಡ ದೊಡ್ಡ ಬೂಟಿನವರು ಎಲ್ಲ ಬಂದರು. ಹಳದಿ ಪಟ್ಟಿ ಎಳೆದರು. ಮೇಲೆ ಹೆಲಿಕಾಪ್ಟರು ಸುತ್ತಿತು, ಟೀವಿಯ ವ್ಯಾನು ಬಂದು ನಿಂತಿತು. ಅಮರೇಶ್ವರ ಮತ್ತು ಮೀಸೆಯವನನ್ನು ಒಂದು ಡೇರೆಯೊಳಗೆ ನಿಲ್ಲಿಸಿ, ಬಟ್ಟೆ ಕಳಚಿಸಿ ಚೀಲಕ್ಕೆ ತುಂಬಿ, ತಣ್ಣೀರು ಸುರಿದು, ಬಿಳಿ ಕಾಗದದ ಉದ್ದುಡುಗೆ ತೊಡಿಸಿದರು. ಅಕ್ಟೋಬರಿನ ಗಾಳಿಗೆ ಅಮರೇಶ್ವರನ ಹಲ್ಲು ಕಟಕಟ ಬಡಿಯುತ್ತಿತ್ತು. ಮುಖವಾಡದ ಅಧಿಕಾರಿಯೊಬ್ಬ ಎದುರಿಗೆ ಪುಸ್ತಕ ಹಿಡಿದು ಕೂತ.

"ಏನದು ಪುಡಿ?"

"ಹೋಲಿ ಆಶ್, ಸರ್. ಪವಿತ್ರವಾದ ಬೂದಿ."

"ಬೂದಿಯೇ? ಯಾರದು?"

ಗಾಬರಿಯಲ್ಲಿ ಅಮರೇಶ್ವರನ ಇಂಗ್ಲಿಷು ಅರ್ಧ ಲಿಂಗಸೂಗೂರಿಗೆ ಹೋಗಿತ್ತು. "ಆಕಳಿನದು, ಸರ್."

"ಆಕಳನ್ನು ಸುಟ್ಟಿರಾ?"

"ಶಿವಶಿವಾ! ಆಕಳನ್ನಲ್ಲ, ಆಕಳಿನ ಸಗಣಿಯನ್ನು!"

ಅಧಿಕಾರಿ ಬರೆಯುವುದು ನಿಲ್ಲಿಸಿ ಒಮ್ಮೆ ಮೇಲೆ ನೋಡಿದ. "ಸಗಣಿ ಸುಟ್ಟು, ಅದರ ಬೂದಿಯನ್ನು ಕಂಪ್ಯೂಟರಿನೊಳಗೆ ಸುರಿದಿರಿ. ಏಕೆ?"

ಅಮರೇಶ್ವರನಿಗೆ ಸುಳ್ಳು ಹೊಳೆಯಲಿಲ್ಲ. ಹೊಳೆದಿದ್ದರೂ ಆ ಕಾಗದದ ಬಟ್ಟೆಯಲ್ಲಿ ನಿಂತು ಹೇಳುವ ಚೈತನ್ಯವಿರಲಿಲ್ಲ. "ಕೆಲಸ ಸಿಗಲಿ ಅಂತ, ಸರ್" ಎಂದ. ಅವನ ಕಣ್ಣಲ್ಲಿ ನೀರು ತುಂಬಿತು. ಅಧಿಕಾರಿ ಅದನ್ನೂ ಬರೆದುಕೊಂಡ.

ಮೂರು ಗಂಟೆಯ ಸುಮಾರಿಗೆ ಹಳದಿ ಪಟ್ಟಿಯ ಆಚೆ ಸೌಜನ್ಯಾ ಕಾಣಿಸಿದಳು. ಟೀವಿಯಲ್ಲಿ ಗಂಡನ ಕಾರಿನ ಹಣೆಯ ವಿಭೂತಿ ನೋಡಿ ಗುರುತು ಹಿಡಿದು, ಟ್ಯಾಕ್ಸಿ ಮಾಡಿಕೊಂಡು ಅತ್ತೆಯನ್ನೂ ಕರೆದುಕೊಂಡು ಓಡಿಬಂದಿದ್ದಳು. ಅವಳು ಅಧಿಕಾರಿಗಳಿಗೆ ಅಚ್ಚ ಇಂಗ್ಲಿಷಿನಲ್ಲಿ ವಿವರಿಸುತ್ತಿರುವಾಗಲೇ ಬಸಲಿಂಗಮ್ಮ, "ಏನಂತಾರ? ಇದು ವಿಷಾ ಅಂತಾರೇನು?" ಎಂದು ಕೇಳಿ, ಸೊಂಟದ ಚೀಲದಿಂದ ಉಳಿದರ್ಧ ಗಟ್ಟಿ ತೆಗೆದು, ಹಣೆಗೆ ಮೂರು ಬೆರಳು ಎಳೆದುಕೊಂಡು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು!

ಮುಖವಾಡದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಅರ್ಧ ಗಂಟೆ ಅವರನ್ನು ಆಂಬುಲೆನ್ಸಿನಲ್ಲಿ ಕೂರಿಸಿ ನಾಡಿ ಹಿಡಿದುಕೊಂಡು ಕಾದರು. ಆದದ್ದು ಇಷ್ಟೇ, ಬಸಲಿಂಗಮ್ಮನಿಗೆ ಹಸಿವಾಯಿತು. ಅಷ್ಟರಲ್ಲಿ ಪುಡಿ ಪರೀಕ್ಷಿಸುವ ಪೆಟ್ಟಿಗೆಯೂ "ವಿಷವಲ್ಲ" ಎಂದಿತು. ಅಮರೇಶ್ವರನನ್ನು ಬಿಟ್ಟರು. ಬಟ್ಟೆ, ಬೂಟು, ಪವರ್ ಸಪ್ಲೈ ಮಾತ್ರ ಪ್ರಯೋಗಾಲಯಕ್ಕೆ ಹೋದವು.

ಗಂಟೆ ನಾಲ್ಕಕ್ಕೆ ಐದು ನಿಮಿಷ ಇತ್ತು.

"ಎಲ್ಲಾ ಮುಗೀತು" ಎಂದು ಅಮರೇಶ್ವರ ಕಾರಿನಲ್ಲಿ ತಲೆ ಹಿಡಿದು ಕೂತ.

"ಏನೂ ಮುಗಿದಿಲ್ರಿ. ಲೈಬ್ರರಿಗೆ ನಡೀರಿ" ಎಂದಳು ಸೌಜನ್ಯಾ, ತಾನೇ ಸ್ಟಿಯರಿಂಗ್ ಹಿಡಿದು.

"ಈ ಕಾಗದದ ಅರಿವ್ಯಾಗ?"

"ಈ ಅರಿವ್ಯಾಗ."

ಲೈಬ್ರರಿಯಲ್ಲಿ ಅವನು ಹೇಳಿದಂತೆಯೇ ಪಾಳಿ ಇತ್ತು, ಏಳೆಂಟು ಜನ. ಬಿಳಿ ಕಾಗದದ ಉಡುಗೆ, ಕಾಲಿಗೆ ಕಾಗದದ ಚೀಲ, ಕೊರಳಲ್ಲಿ ನಂಬರಿನ ಚೀಟಿ ತೂಗಾಡಿಸಿಕೊಂಡು ಒಳಬಂದವನನ್ನು ನೋಡಿ ಮೇಜಿನ ಹಿಂದಿನ ಮುದುಕಿ ನಕ್ಕಳು. "ಹ್ಯಾಲೋವೀನ್ ನಾಳೆ ಅಲ್ಲವೇ, ಮಗೂ?"

"ವೇಷ ಅಲ್ಲ ಮೇಡಂ, ನಿಜವಾದದ್ದು. ಈಗಷ್ಟೇ ಬಿಟ್ಟರು" ಎಂದ ಸತ್ಯಸಂಧ ಅಮರೇಶ್ವರ.

ಪಾಳಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ರೆಸ್ಯೂಮೆಗಳನ್ನು ಎದೆಗವಚಿಕೊಂಡು ಒಬ್ಬೊಬ್ಬರಾಗಿ ಬಾಗಿಲ ಕಡೆ ನಡೆದರು. ಎರಡು ನಿಮಿಷದಲ್ಲಿ ಇಡೀ ಕೋಣೆಗೆ ಅಮರೇಶ್ವರ ಒಬ್ಬನೇ ಒಡೆಯ! ಹಿಂದೆ ಯಾರೂ ಕಾಯುತ್ತಿಲ್ಲವಾದ್ದರಿಂದ ಮೂವತ್ತು ನಿಮಿಷದ ನಿಯಮವೂ ಇಲ್ಲ. ನಾಲ್ಕು ಹನ್ನೆರಡಕ್ಕೆ ಶುರು ಮಾಡಿ ನಾಲ್ಕು ಐವತ್ತಾರಕ್ಕೆ ಅರವತ್ತನೇ ಪ್ರಶ್ನೆ ಮುಗಿಸಿದ. ಹೊರಗೆ ಕಾರಿನಲ್ಲಿ ಬಸಲಿಂಗಮ್ಮ ಬಾಳೆಹಣ್ಣು ತಿನ್ನುತ್ತ ಕೂತಿದ್ದರು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಫೋನು ಬಂತು. ವಿಮಾ ಕಂಪನಿಯ ಮ್ಯಾನೇಜರು. ಪರೀಕ್ಷೆ ಪಾಸು, ಈಗ ಫೋನಿನಲ್ಲೇ ಸಂದರ್ಶನ. ಅಮರೇಶ್ವರ ಇಸ್ತ್ರಿ ಅಂಗಿ ತೊಟ್ಟು, ಲುಂಗಿ ಬಿಗಿದು ನಿಂತುಕೊಂಡೇ ಮಾತಾಡಿದ. ಎಲ್ಲ ಸಸೂತ್ರವಾಗಿ ನಡೆಯುತ್ತಿತ್ತು. ಕೊನೆಗೆ ಮ್ಯಾನೇಜರು ಕೇಳಿದರು. "ಇತ್ತೀಚೆಗೆ ನೀವು ಪತ್ತೆಹಚ್ಚಿದ ಕಠಿಣ ಸಮಸ್ಯೆಯೊಂದನ್ನು ಹೇಳಿ."

ಬೇರೆ ಯಾವುದೂ ನೆನಪಿಗೆ ಬರಲಿಲ್ಲ. ಹದಿನೆಂಟು ನಿಮಿಷದ ಕಥೆ ಶುರು ಮಾಡಿದ. ವಿಂಡೋಸ್ ಪರೀಕ್ಷಿಸಿದೆ, ಮೆಮೊರಿ ಪರೀಕ್ಷಿಸಿದೆ, ಶಾಸ್ತ್ರೋಕ್ತವಾಗಿ ಒಂದೊಂದನ್ನೇ ಕೈಬಿಡುತ್ತ ಬಂದೆ ಎಂದು ದನಿ ಏರಿಸಿದ.

"ಬಹಳ ಚೆನ್ನಾಗಿದೆ. ಮೂಲ ಕಾರಣ ಏನು?"

ಎದುರಿಗೆ ಬಸಲಿಂಗಮ್ಮ ಪವರ್ ಸಪ್ಲೈ ಕಿತ್ತು ಖಾಲಿಯಾದ ಪೆಟ್ಟಿಗೆಯ ಬಿಲದ ಅಂಚಿಗೆ ವಸ್ತ್ರ ಜೋಲಿಸುತ್ತಿದ್ದರು.

"ನಾನೇ, ಸರ್."

"ಏನಂದಿರಿ? ಕಂಡುಹಿಡಿದವರು?"

"ಕಾರಣ ನಾನು, ಸರ್. ಕಂಡುಹಿಡಿದವರು ನಮ್ಮ ತಾಯಿ. ಎರಡು ದಿನ ಮೊದಲೇ ಹೇಳಿದ್ದರು, ನಾನು ಕೇಳಲಿಲ್ಲ."

ಮ್ಯಾನೇಜರು ಗಂಭೀರವಾಗಿ ಕೇಳಿದರು. "ನಿಮ್ಮ ತಾಯಿಗೆ ವರ್ಕ್ ಪರ್ಮಿಟ್ ಇದೆಯೇ?"

ಕೇಳಿ ತಾವೇ ಹೋ ಎಂದು ನಕ್ಕು, ಸಂಜೆಯೊಳಗೆ ತಿಳಿಸುತ್ತೇವೆ ಎಂದು ಫೋನಿಟ್ಟರು. ಒಂದು ತಿಂಗಳಲ್ಲಿ ಮೊದಲ ಸಲ ಅಮರೇಶ್ವರನಿಗೂ ನಗು ಬಂತು. ಅದು ಅಳುವಿನ ಪಕ್ಕದಲ್ಲೇ ಇತ್ತು.

"ಏನಂತಪಾ?" ಎಂದರು ಬಸಲಿಂಗಮ್ಮ.

"ಏನಿಲ್ಲವ್ವಾ. ನಿನಗ ನೌಕರಿ ಕೊಡ್ತಾರಂತ!"

"ನನಗ್ಯಾಕ? ನಾ ಜನವರಿಗೆ ಊರಿಗೆ ಹೋಗಾಕಿ" ಎಂದರು ಬಸಲಿಂಗಮ್ಮ, ವಸ್ತ್ರದ ತುದಿ ಸರಿಮಾಡುತ್ತ. "ಅದನ್ನ 'ನನಗ ಕೊಡ್ರಿ' ಅನ್ನು."

ಅಮರೇಶ್ವರ ಬೆಚ್ಚಿದ. ಅಡುಗೆಮನೆಯ ಕಡೆ ನೋಡಿದ. ಸೌಜನ್ಯಾ 'ನಾ ಹೇಳಿಲ್ಲ' ಎಂದು ಎರಡೂ ಕೈ ಎತ್ತಿದಳು.

"ನಿನಗ ಯಾರು ಹೇಳಿದ್ರವ್ವಾ?"

"ಯಾರು ಹೇಳಬೇಕೋ? ನೌಕರಿ ಇದ್ದಾವ ಯಾವನರ ಕಂಪ್ಯೂಟರಿಗೆ ಅರ್ಧ ಗಟ್ಟಿ ವಿಭೂತಿ ಸುರೀತಾನೇನು?"